ಆ ಆಸಿಡ್ ಬಾಟಲಿ ಕೆಳಗಿಡಿ

ಮೀನು ಸಾಕಿ ಬೇಸತ್ತವರ ಮನೆಯಿಂದ ಹೊರಬಂದ ಗಾಜಿನ ತೊಟ್ಟಿಯನ್ನು ದೂರದಿಂದಲೇ ಗುರುತಿಸಬಹುದು. ನೀರು ನಿಂತಿದ್ದ ಮಟ್ಟಕ್ಕೆ ಸರಿಯಾಗಿ ನಾಲ್ಕೂ ಬದಿಗೆ ಬಿಳಿಯ ಪಟ್ಟಿ, ಫಿಲ್ಟರ್ ತೂಗುಹಾಕಿದ್ದ ಜಾಗದಿಂದ ಹನಿಹನಿಯಾಗಿ ಇಳಿದ ಗೆರೆ, ಮೂಲೆಗಳಲ್ಲಿ ಉಗುರಿಗೆ ಸಿಗುವಷ್ಟು ದಪ್ಪದ ಹಕ್ಕಳೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನು ಮನೆಗೆ ತಂದವರು ಈ ಕಲೆ ಹೋಗುವುದು ಹೇಗೆಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಬಾತ್‌ರೂಮಿಗೆ ಹಾಕುವ ಆಸಿಡ್ ಸುರಿಯಿರಿ, ಸ್ಟೀಲ್ ನಾರಿನಲ್ಲಿ ಉಜ್ಜಿ, ಐದು ನಿಮಿಷದಲ್ಲಿ ಹೊಸದಾಗುತ್ತದೆ. ಅಂಗಡಿಯವರು ಹೇಳುವುದು ಇದನ್ನೇ, ಅನುಭವಿಗಳೆನಿಸಿಕೊಂಡ ಹವ್ಯಾಸಿಗಳು ಹೇಳುವುದೂ ಇದನ್ನೇ. ಕೇಳಿದವರು ಮರುಮಾತಿಲ್ಲದೆ ಒಪ್ಪುತ್ತಾರೆ, ಏಕೆಂದರೆ ಗಟ್ಟಿ ಕಲೆಗೆ ಗಟ್ಟಿ ಮದ್ದೇ ಬೇಕು ಎಂಬುದು ನಮ್ಮ ಸ್ವಚ್ಛತೆಯ ಕಲ್ಪನೆಯಲ್ಲೇ ಬೇರೂರಿದೆ. ಈ ನಂಬಿಕೆ ತಪ್ಪು. ಕಲೆ ತೆಗೆಯಲು ಅಷ್ಟು ತೀಕ್ಷ್ಣ ಆಮ್ಲ ಬೇಕಾಗಿಯೇ ಇಲ್ಲ. ಅದನ್ನು ಬಳಸಿದರೆ ತೊಟ್ಟಿಗೆ ನಷ್ಟ, ಮೀನಿಗೆ ಕೇಡು, ಉಜ್ಜುವ ಮನುಷ್ಯನ ಶ್ವಾಸಕೋಶಕ್ಕೆ ನೇರ ಅಪಾಯ. ಇಷ್ಟೆಲ್ಲ ಇದ್ದೂ ಒಬ್ಬರಿಂದ ಒಬ್ಬರಿಗೆ ಇದನ್ನು ಬುದ್ಧಿಮಾತಿನಂತೆ ದಾಟಿಸುತ್ತಿದ್ದೇವೆ.

ಮೊದಲ ಎಡವಟ್ಟು ಹೆಸರಿನಲ್ಲೇ ಇದೆ. ಬೆಂಗಳೂರಿನಲ್ಲಿ ಕೊಳವೆಬಾವಿಯ ನೀರನ್ನು ಉಪ್ಪು ನೀರು ಎನ್ನುತ್ತೇವೆ, ಅದು ಬಿಟ್ಟುಹೋದ ಗುರುತನ್ನು ಉಪ್ಪಿನ ಕಲೆ ಎನ್ನುತ್ತೇವೆ. ನಿಜವಾದ ಉಪ್ಪಾಗಿದ್ದರೆ ಬರಿಯ ನೀರಿಗೇ ಕರಗಿ ಹೋಗುತ್ತಿತ್ತು. ಗಾಜಿನ ಮೇಲಿನ ಬಿಳಿ ಪದರದ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲು, ಕಪ್ಪೆಚಿಪ್ಪು, ಮೊಟ್ಟೆಯ ಓಡುಗಳ ಜಾತಿಯದು. ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಇರುತ್ತದೆ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕಲ್ಲಿನಲ್ಲಿರುವ ಕ್ಯಾಲ್ಸಿಯಮ್ಮನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಅದೇ ನೀರು ತೊಟ್ಟಿಯಲ್ಲಿ ಗಾಳಿಗೆ ತೆರೆದುಕೊಂಡಾಗ ಡೈಆಕ್ಸೈಡ್ ಹಾರಿಹೋಗಿ, ನೀರೂ ಆವಿಯಾಗಿ, ಕರಗಿದ್ದು ಮತ್ತೆ ಕಲ್ಲಾಗಿ ಗಾಜಿಗೆ ಅಂಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಡುವಿನ 300 ಮಿಲಿಗ್ರಾಂ ಗಡಸುತನದ ನೀರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಚ್ಚಳವಿಲ್ಲದ ಎರಡಡಿ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ಆವಿಯಾಗಿ, ಅಷ್ಟೇ ನೀರನ್ನು ಮತ್ತೆ ಸುರಿಯುತ್ತ ಹೋದರೆ ವರ್ಷಕ್ಕೆ ಸುಮಾರು 55 ಗ್ರಾಂ ಖನಿಜ ಆ ತೊಟ್ಟಿಯೊಳಗೆ ಸೇರುತ್ತದೆ. ಅದರಲ್ಲಿ ಒಂದು ಪಾಲು ನೀರಿನಲ್ಲೇ ಉಳಿಯುತ್ತದೆ, ಒಂದು ಪಾಲು ಜಲ್ಲಿಗೆ ಅಂಟುತ್ತದೆ, ಉಳಿದದ್ದು ನೀರಿನ ಅಂಚಿನಲ್ಲಿ ಪಟ್ಟಿಯಾಗುತ್ತದೆ. ಕಲೆ ಎಷ್ಟೇ ಹಳೆಯದಾಗಿ ಕಾಣಲಿ, ಅದರ ಸ್ವಭಾವ ಇಷ್ಟೇ.

ಹಾಗಿದ್ದರೆ ಅದನ್ನು ಕರಗಿಸಲು ಎಷ್ಟು ಬಲದ ಆಮ್ಲ ಬೇಕು? ಶಾಲೆಯ ಮಕ್ಕಳೂ ಮಾಡುವ ಒಂದು ಪ್ರಯೋಗವಿದೆ: ಹಸಿ ಮೊಟ್ಟೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಒಂದೆರಡು ದಿನದಲ್ಲಿ ಓಡು ಪೂರ್ತಿ ಕರಗಿ, ಪೊರೆಯ ಚೀಲದಂಥ ಮೊಟ್ಟೆ ಉಳಿಯುತ್ತದೆ. ಆ ಓಡಿನ ದಪ್ಪ ಮಿಲಿಮೀಟರಿನ ಮೂರನೇ ಒಂದರಷ್ಟು. ತೊಟ್ಟಿಯ ಬಿಳಿ ಪಟ್ಟಿ ಸಾಮಾನ್ಯವಾಗಿ ಅದಕ್ಕಿಂತ ತೆಳ್ಳಗಿರುತ್ತದೆ. ಮೊಟ್ಟೆಯ ಓಡನ್ನೇ ಕರಗಿಸುವ ಅಡುಗೆಮನೆಯ ವಿನೆಗರ್‌ಗೆ ಈ ಕಲೆ ಕರಗಿಸಲು ಶಕ್ತಿ ಸಾಲದೆನ್ನುವುದು ಯಾವ ನ್ಯಾಯ? ಲೆಕ್ಕ ಹಾಕಿಯೇ ನೋಡೋಣ. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಯ ಸುತ್ತಳತೆ ಸುಮಾರು 183 ಸೆಂಟಿಮೀಟರ್. ಮೂರು ಸೆಂಟಿಮೀಟರ್ ಅಗಲ, ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ ಪಟ್ಟಿ ಸುತ್ತಲೂ ಇದೆಯೆಂದರೆ ಅಲ್ಲಿರುವ ಕಾರ್ಬೊನೇಟಿನ ತೂಕ ಹೆಚ್ಚೆಂದರೆ 15 ಗ್ರಾಂ. ಒಂದು ಗ್ರಾಂ ಕಾರ್ಬೊನೇಟ್ ಕರಗಿಸಲು 1.2 ಗ್ರಾಂ ಅಸಿಟಿಕ್ ಆಮ್ಲ ಸಾಕು. ಅಂದರೆ ಇಡೀ ಪಟ್ಟಿಗೆ 18 ಗ್ರಾಂ. ಅದು ಶೇಕಡಾ 4ರ ವಿನೆಗರ್‌ನಲ್ಲಿ 450 ಮಿಲಿಲೀಟರ್, ಒಂದು ಬಾಟಲಿಯ ಮಾತು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವಾದರೆ 20 ಗ್ರಾಂ ಸಾಕಾಗುತ್ತದೆ. ಆದರೆ ಕರಗಿದ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ಬಿಳಿಯಾಗಿ ಕೂರದಂತೆ ಅದರ ಎರಡರಷ್ಟು ತೆಗೆದುಕೊಂಡು, ನಡುವೆ ಒಮ್ಮೆ ದ್ರಾವಣ ಬದಲಿಸುವುದು ಒಳ್ಳೆಯದು. ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲವಾದರೆ 110 ಮಿಲಿಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ನಿಜ. ವ್ಯತ್ಯಾಸ ಎಷ್ಟೆಂದು ನೋಡಿದಿರಾ? ಕರಗಿಸುವ ಸಾಮರ್ಥ್ಯದಲ್ಲಿ ಅದು ವಿನೆಗರ್‌ನ ನಾಲ್ಕು ಪಟ್ಟು ಮಾತ್ರ. ವೇಗದಲ್ಲಿ ಮಾತ್ರ ಬಹಳ ಮುಂದೆ, ಏಕೆಂದರೆ ಅದು ತನ್ನ ಆಮ್ಲೀಯತೆಯನ್ನೆಲ್ಲ ಒಂದೇ ಏಟಿಗೆ ಬಿಟ್ಟುಬಿಡುತ್ತದೆ; ವಿನೆಗರ್ ಸ್ವಲ್ಪಸ್ವಲ್ಪವಾಗಿ ಕೊಡುತ್ತದೆ. ಆಸಿಡ್ ಬಾಟಲಿಗೆ ಕೈಹಾಕುವವರು ನಿಜಕ್ಕೂ ಕೊಳ್ಳುತ್ತಿರುವುದು ಕೆಲವು ಗಂಟೆಗಳ ಉಳಿತಾಯವನ್ನು. ಮನೆಯ ಮೂಲೆಯಲ್ಲಿ ಖಾಲಿ ಬಿದ್ದಿರುವ ತೊಟ್ಟಿಗೆ ಯಾವ ಅವಸರ?

ವಿನೆಗರ್ ಹಾಕಿದೆ, ಕಲೆ ಹೋಗಲೇ ಇಲ್ಲ ಎಂಬ ದೂರು ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ. ಬಹುತೇಕ ಸಂದರ್ಭಗಳಲ್ಲಿ ಅದಕ್ಕೆ ಕಾರಣ ವಿನೆಗರ್‌ನ ದೌರ್ಬಲ್ಯ ಅಲ್ಲ, ನಿಲ್ಲಿಸಿದ ತೊಟ್ಟಿಯ ಗೋಡೆಗೆ ಅದನ್ನು ಚಿಮುಕಿಸಿ ಎರಡು ನಿಮಿಷಕ್ಕೆ ಒರೆಸಿದ್ದು. ಲಂಬವಾದ ಗಾಜಿನ ಮೇಲೆ ದ್ರವ ನಿಲ್ಲುವುದಿಲ್ಲ. ನಿಲ್ಲದ ದ್ರವ ಕೆಲಸ ಮಾಡುವುದಿಲ್ಲ. ತೊಟ್ಟಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಬೇಕು. ಕಲೆಯ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ, ವಿನೆಗರ್‌ನಲ್ಲಿ ಚೆನ್ನಾಗಿ ತೋಯಿಸಿ, ಆರಿಹೋಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ಒಂದೆರಡು ಗಂಟೆ ಬಿಟ್ಟು ಬಟ್ಟೆ ತೆಗೆದು, ಮೆತ್ತಗಾದ ಪದರವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು, ಹೊಸ ವಿನೆಗರ್‌ನಲ್ಲಿ ಮತ್ತೆ ತೋಯಿಸಬೇಕು. ದಪ್ಪ ಹಕ್ಕಳೆಯಾದರೆ ಎರಡು ಮೂರು ಸುತ್ತು ಬೇಕಾದೀತು. ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದು. ಈ ಕೆಲಸಕ್ಕೆ ಮನುಷ್ಯನ ದುಡಿಮೆ ಒಟ್ಟು ಅರ್ಧ ಗಂಟೆಯೂ ಇಲ್ಲ, ಉಳಿದದ್ದು ಕಾಯುವ ಕಾಲ. ಬಿಸಿ ಮಾಡಿದರೆ ಬೇಗ ಆಗುತ್ತದೆಂದು ಕುದಿಯುವ ನೀರನ್ನು ಸುರಿಯಬಾರದು. ತಣ್ಣಗಿನ ದಪ್ಪ ಗಾಜು ಒಂದು ಕಡೆ ಮಾತ್ರ ಒಮ್ಮೆಲೇ ಬಿಸಿಯಾಗಿ ಹಿಗ್ಗಿದರೆ ಸೀಳುತ್ತದೆ.

ಇನ್ನು ನಿಜಕ್ಕೂ ವಿನೆಗರ್‌ಗೆ ಜಗ್ಗದ ಕಲೆಗಳಿವೆ, ಆಸಿಡ್ ಪಕ್ಷದವರು ತಮ್ಮ ಬಲವಾದ ಸಾಕ್ಷಿಯೆಂದು ತೋರಿಸುವುದು ಅವನ್ನೇ. ಅವರ ವಾದ ಅತ್ಯಂತ ದುರ್ಬಲವಾಗಿರುವುದು ಕೂಡ ಅಲ್ಲಿಯೇ. ಕಲೆಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆಗಳೆದ್ದರೆ ಅದು ಕಾರ್ಬೊನೇಟ್, ಕಾದರೆ ಕರಗುತ್ತದೆ. ಎಷ್ಟು ಹೊತ್ತು ತೋಯಿಸಿಟ್ಟರೂ ಗುಳ್ಳೆಯಿಲ್ಲ, ಬದಲಾವಣೆಯಿಲ್ಲ ಎಂದರೆ ಅದು ಹೆಚ್ಚಾಗಿ ಸಿಲಿಕಾದ ಪದರ, ಇಲ್ಲವೇ ಗಾಜೇ ಮಸುಕಾಗಿರುವುದು. ಕ್ಷಾರೀಯ ನೀರು ವರ್ಷಗಟ್ಟಲೆ ಮುಟ್ಟಿಕೊಂಡಿದ್ದರೆ ಗಾಜಿನ ಮೇಲ್ಮೈ ಸವೆದು ಮಂಜಾಗುತ್ತದೆ. ಈ ಎರಡಕ್ಕೂ ಹೈಡ್ರೋಕ್ಲೋರಿಕ್ ಆಮ್ಲದಿಂದ ಏನೂ ಆಗುವುದಿಲ್ಲ. ಸಿಲಿಕಾ ಆ ಆಮ್ಲಕ್ಕೆ ಕರಗುವುದಿಲ್ಲ ಎಂಬ ಕಾರಣಕ್ಕೇ ಅಲ್ಲವೇ ಅದನ್ನು ಗಾಜಿನ ಬಾಟಲಿಗಳಲ್ಲಿ ತುಂಬಿಡುವುದು? ಸಿಲಿಕಾವನ್ನು ಕರಗಿಸುವ ಆಮ್ಲವೆಂದರೆ ಹೈಡ್ರೋಫ್ಲೋರಿಕ್. ಅದು ಕಲೆಯ ಜೊತೆ ಗಾಜನ್ನೂ ತಿನ್ನುತ್ತದೆ, ಚರ್ಮದೊಳಗೆ ಇಳಿದು ರಕ್ತದ ಕ್ಯಾಲ್ಸಿಯಮ್ಮನ್ನೇ ಕಟ್ಟಿಹಾಕಿ ಹೃದಯದ ಬಡಿತ ಕೆಡಿಸುತ್ತದೆ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಇದು ಇರುತ್ತದೆ; ಅವುಗಳನ್ನು ಮನೆಯೊಳಗೆ ತರಲೇಬಾರದು. ಹೀಗಾಗಿ ಕಲೆ ಕಾರ್ಬೊನೇಟಿನದಾದರೆ ತೀಕ್ಷ್ಣ ಆಮ್ಲ ಅನಗತ್ಯ, ಸಿಲಿಕಾದ್ದಾದರೆ ನಿರುಪಯುಕ್ತ. ಮಸುಕಾದ ಗಾಜಿನ ವಿಷಯದಲ್ಲಿ ನೆಮ್ಮದಿಯ ಸಂಗತಿಯೊಂದಿದೆ: ಗಾಳಿಗೂ ಗಾಜಿಗೂ ವಕ್ರೀಭವನ ಸೂಚ್ಯಂಕದಲ್ಲಿರುವ ಅಂತರ ನೀರಿಗೂ ಗಾಜಿಗೂ ಇಲ್ಲ. ಗಾಳಿಯದು 1, ನೀರಿನದು 1.33, ಗಾಜಿನದು ಸುಮಾರು 1.5. ಆದ್ದರಿಂದ ಒಳಮೈಯ ತೆಳು ಮಸುಕು ನೀರು ತುಂಬಿದ ಕೂಡಲೇ ಬಹುಮಟ್ಟಿಗೆ ಕಣ್ಣಿನಿಂದ ಮರೆಯಾಗುತ್ತದೆ. ಖಾಲಿ ತೊಟ್ಟಿಯನ್ನು ನೋಡಿ ಆಸಿಡ್ ತರಲು ಓಡುವ ಮುನ್ನ ಒಮ್ಮೆ ನೀರು ತುಂಬಿ ನೋಡುವ ತಾಳ್ಮೆ ಇದ್ದರೆ ಎಷ್ಟೋ ತೊಟ್ಟಿಗಳು ಈ ಶಿಕ್ಷೆಯಿಂದ ಪಾರಾಗುತ್ತಿದ್ದವು.

ಈಗ ಮನುಷ್ಯರ ವಿಷಯಕ್ಕೆ ಬರೋಣ, ಏಕೆಂದರೆ ಈ ನಂಬಿಕೆಯ ವಿರುದ್ಧ ನನ್ನ ದೊಡ್ಡ ದೂರು ಇರುವುದು ಇಲ್ಲಿ. ಲೇಬಲ್ ಇರುವ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಶೇಕಡಾ 10ರ ಆಸುಪಾಸಿನಲ್ಲಿರುತ್ತದೆ. ಲೇಬಲ್ ಇಲ್ಲದೆ ಸಿಗುವ ಆಸಿಡ್ ಶೇಕಡಾ 30ರವರೆಗೂ ಇರಬಹುದು; ಮುಚ್ಚಳ ತೆರೆದರೇ ಹೊಗೆಯಾಡುತ್ತದೆ. ಕಲೆಯ ಮೇಲೆ ಬಿದ್ದಾಗ ಭುಗಿಲೇಳುವ ನೊರೆಯನ್ನು ಜನ ಕೆಲಸವಾಗುತ್ತಿರುವ ಲಕ್ಷಣವೆಂದು ಮೆಚ್ಚಿ ನೋಡುತ್ತಾರೆ. ಆ ನೊರೆ ಒಡೆಯುವಾಗ ಆಮ್ಲದ ಸೂಕ್ಷ್ಮ ಹನಿಗಳು ಗಾಳಿಗೆ ಸಿಡಿಯುತ್ತವೆ, ತೊಟ್ಟಿಯೊಳಗೆ ತಲೆ ಬಗ್ಗಿಸಿ ಉಜ್ಜುವವರ ಕಣ್ಣು ಮೂಗುಗಳಿಗೆ ನೇರವಾಗಿ ಹೋಗುತ್ತವೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಹೈಡ್ರೋಜನ್ ಕ್ಲೋರೈಡಿಗೆ ನಿಗದಿಯಾಗಿರುವ ಮಿತಿ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 5 ಭಾಗ. ಕ್ಷಣಮಾತ್ರಕ್ಕೂ ಅದನ್ನು ಮೀರುವಂತಿಲ್ಲ. ಜೀವಕ್ಕೇ ಅಪಾಯವೆಂದು ಗುರುತಿಸಿದ ಮಟ್ಟ 50 ಭಾಗ. ಕಿಟಕಿ ಚಿಕ್ಕದಾದ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ, ಅಳತೆಯ ಉಪಕರಣವಿಲ್ಲದೆ, ಈ ಗೆರೆಗಳನ್ನು ಯಾವಾಗ ದಾಟಿದೆವೆಂದು ಯಾರಿಗೆ ಗೊತ್ತಾಗುತ್ತದೆ? ಅಲ್ಲಿ ಕುಳಿತು ಉಜ್ಜುವವರು ಯಾರು ಎಂದೂ ಕೇಳಬೇಕು. ಸಲಹೆ ಕೊಟ್ಟವರಲ್ಲ. ಬಹಳ ಸಲ ತೊಟ್ಟಿಯ ಒಡೆಯರೂ ಅಲ್ಲ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ, ಮನೆಗೆಲಸಕ್ಕೆ ಬರುವ ಹೆಂಗಸು, ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್‌ನವರು. ಅವರ ಕೈಗೆ ಗ್ಲೌಸ್ ಕೊಡುವುದು ಯಾರಿಗೂ ನೆನಪಾಗುವುದಿಲ್ಲ, ಕಣ್ಣಿಗೆ ಕನ್ನಡಕದ ಮಾತಂತೂ ದೂರ. ಕೆಮ್ಮು ಬಂದರೆ ಆ ವಾಸನೆಗೆ ಹಾಗೇ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂಬ ಸಮಾಧಾನ ಸಿಗುತ್ತದೆ. ಒಬ್ಬರ ಹವ್ಯಾಸದ ಗಾಜು ಹೊಳೆಯಲೆಂದು ಇನ್ನೊಬ್ಬರ ಉಸಿರನ್ನು ಸುಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಹಳೆಯ ತೊಟ್ಟಿಯ ವಿಷಯದಲ್ಲಿ ಈ ಅಪಾಯ ಇನ್ನೊಂದು ದಾರಿಯಿಂದಲೂ ಬರುತ್ತದೆ. ಹಿಂದಿನ ಮೀನುಗಳ ರೋಗ ಅಂಟಿಕೊಂಡಿರಬಹುದೆಂದು ತೊಟ್ಟಿಯನ್ನು ಬ್ಲೀಚ್‌ನಿಂದ ತೊಳೆಯುವುದು ರೂಢಿ. ಕೆಲವರು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುತ್ತಾರೆ. ಸೋಂಕು ಕಳೆಯುವುದು ಸರಿಯೇ. ಆದರೆ ಬ್ಲೀಚಿನ ಪಸೆ ಇರುವಾಗಲೇ ಆಮ್ಲ ಸುರಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕಂದಕಗಳಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಪರ್ಮಾಂಗನೇಟಿನದೂ ಅದೇ ಕತೆ. ಅದು ಗಾಜಿನ ಮೇಲೆ ಬಿಡುವ ಕಂದು ಕಲೆ ಮ್ಯಾಂಗನೀಸ್ ಡೈಆಕ್ಸೈಡ್. ಅದರ ಮೇಲೆ ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಕ್ಲೋರಿನ್ ಏಳುತ್ತದೆ. 1774ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್‌ಹೆಲ್ಮ್ ಷೀಲೆ ಮೊದಲ ಬಾರಿಗೆ ಕ್ಲೋರಿನ್ ತಯಾರಿಸಿದ್ದು ಈ ಎರಡನ್ನೇ ಕೂಡಿಸಿ. ರಸಾಯನಶಾಸ್ತ್ರಜ್ಞನ ಪ್ರಯೋಗವನ್ನು ತಿಳಿಯದೆ ಬಚ್ಚಲಿನಲ್ಲಿ ಮಾಡಿಸುವ ಸಲಹೆಯನ್ನು ಅನುಭವದ ಮಾತು ಎನ್ನಲಾದೀತೆ? ಇಲ್ಲಿ ವಿನೆಗರ್ ಪರವಾಗಿ ರಿಯಾಯಿತಿ ಕೇಳುವುದಿಲ್ಲ. ಬ್ಲೀಚ್ ಜೊತೆ ವಿನೆಗರ್ ಬೆರೆತರೂ ಕ್ಲೋರಿನ್ ಬರುತ್ತದೆ. ಆದ್ದರಿಂದ ಮೊದಲು ಕಲೆ ತೆಗೆದು, ಚೆನ್ನಾಗಿ ತೊಳೆದು, ಒಣಗಿಸಿ, ಸೋಂಕು ಕಳೆಯುವ ಕೆಲಸವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬೇಕು. ಗಾಜು ಒರೆಸುವ ಅಮೋನಿಯಾ ದ್ರಾವಣವೂ ಬ್ಲೀಚಿನ ಹತ್ತಿರ ಸುಳಿಯಬಾರದು.

ಇಷ್ಟು ಅಪಾಯದ ವಸ್ತು ಸುಲಭವಾಗಿ ಕೈಗೆ ಸಿಗುವುದೇ ಈ ರೂಢಿಗೆ ಗೊಬ್ಬರ. 2013ರ ಜುಲೈ 18ರಂದು ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಸ್ಪಷ್ಟ ಕಟ್ಟುಪಾಡು ಹಾಕಿತು: ಕೊಳ್ಳುವವರ ವಿವರ, ಪ್ರಮಾಣ ದಾಖಲಿಸುವ ಪುಸ್ತಕ ಇರಬೇಕು, ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು, ಏತಕ್ಕೆ ಬೇಕೆಂದು ಕೇಳಬೇಕು, 18 ವರ್ಷ ತುಂಬದವರಿಗೆ ಕೊಡಲೇಬಾರದು. ಹೆಣ್ಣುಮಕ್ಕಳ ಮುಖದ ಮೇಲೆ ಎರಚಿದ ಆಸಿಡ್‌ನ ಘೋರ ಚರಿತ್ರೆಯಿಂದ ಬಂದ ಆದೇಶ ಅದು, ಬೆಂಗಳೂರಿಗೂ ಆ ಚರಿತ್ರೆಯಲ್ಲಿ ಪಾಲಿದೆ. ಮನೆಗಳಲ್ಲಿ ತೊಳೆಯುವುದಕ್ಕೆಂಬ ಬೇಡಿಕೆ ಇರುವವರೆಗೂ ಲೇಬಲ್ ಇಲ್ಲದ ಬಾಟಲಿಗೆ ಒಂದು ಸಭ್ಯ ನೆಪ ಇದ್ದೇ ಇರುತ್ತದೆ. ಮೀನಿನ ತೊಟ್ಟಿ ತೊಳೆಯಲು ಆಸಿಡ್ ತನ್ನಿ ಎಂದು ಸಲಹೆ ಕೊಡುವ ಪ್ರತಿಯೊಬ್ಬರೂ ಆ ಬೇಡಿಕೆಯನ್ನು ಅಷ್ಟಷ್ಟು ಬೆಳೆಸುತ್ತಾರೆ.

ಮನುಷ್ಯರನ್ನು ಬಿಟ್ಟು ತೊಟ್ಟಿಯ ಹಿತವನ್ನಷ್ಟೇ ನೋಡಿದರೂ ಆಸಿಡ್ ಮತ್ತು ಸ್ಟೀಲ್ ನಾರಿನ ಜೋಡಿ ಸೋಲುತ್ತದೆ. ಗಾಜಿನ ಹಲಗೆಗಳನ್ನು ಹಿಡಿದಿಟ್ಟಿರುವುದು ಸಿಲಿಕೋನ್ ಅಂಟು. ಸಾಮಾನ್ಯವಾಗಿ ಬಳಸುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ತಾನೇ ಅಸಿಟಿಕ್ ಆಮ್ಲ ಬಿಡುತ್ತದೆ. ಹೊಸ ತೊಟ್ಟಿಯಿಂದ ಬರುವ ಹುಳಿ ವಾಸನೆ ಅದರದೇ. ವಿನೆಗರ್‌ನಿಂದ ಅಂಟು ಸಡಿಲವಾದೀತೆಂದು ಹೆದರಿಸುವವರು ಇದನ್ನು ಗಮನಿಸಬೇಕು. ತೀಕ್ಷ್ಣ ಖನಿಜಾಮ್ಲದ ವಿಷಯ ಹಾಗಲ್ಲ. ಅದು ಸಿಲಿಕೋನಿನ ಬೆನ್ನೆಲುಬಾದ ಸಿಲಿಕಾನ್-ಆಮ್ಲಜನಕದ ಕೊಂಡಿಗಳನ್ನೇ ಮುರಿಯಬಲ್ಲದು. ಅಲ್ಯೂಮಿನಿಯಂ ಚೌಕಟ್ಟಿದ್ದರೆ ಅದನ್ನು ಕೊರೆಯುತ್ತದೆ, ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು ಹಿಡಿಸುತ್ತದೆ. ಇನ್ನು ಉಜ್ಜುವ ಮಾತು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕಲೆಯಾಗಿ ಕುಳಿತ ಕ್ಯಾಲ್ಸೈಟ್ 3ರಲ್ಲಿದೆ, ಗಾಜು 5.5ರ ಹತ್ತಿರ, ತೊಟ್ಟಿಯ ತಳದ ಮರಳು 7ರಲ್ಲಿ. ಕಲೆ ಗಾಜಿಗಿಂತ ಮೆದು. ಅದನ್ನು ತೆಗೆಯಲು ಗಾಜಿಗಿಂತ ಗಟ್ಟಿಯಾದದ್ದು ಬೇಕಿಲ್ಲ. ಆದರೆ ನಾರಿನೊಳಗೆ ಸಿಕ್ಕ ಒಂದೇ ಒಂದು ಮರಳಿನ ಕಣ ಗಾಜಿನ ಮೇಲೆ ಎಂದೂ ಮಾಸದ ಗೀರು ಎಳೆಯುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಲ್ಲೂ ಉಜ್ಜುಗಣಗಳಿರುತ್ತವೆ. ಬ್ಲೇಡ್ ಬಳಸಲೇಬೇಕೆಂದರೆ ಹೊಸದನ್ನು, ಗಾಜನ್ನು ಒದ್ದೆಯಿಟ್ಟು, ಸಿಲಿಕೋನಿನಿಂದ ಎರಡು ಬೆರಳು ದೂರದಲ್ಲಿ. ಒಳಮೂಲೆಯ ಅಂಟಿಗೆ ಒಂದು ಕಚ್ಚು ಬಿದ್ದರೂ ತೊಟ್ಟಿ ಸೋರಲು ಅದು ಸಾಕು. ತೊಟ್ಟಿ ಗಾಜಿನದಲ್ಲದೆ ಅಕ್ರಿಲಿಕ್‌ನದಾದರೆ ಬ್ಲೇಡೂ ಬೇಡ, ಸ್ಕ್ರಬ್ಬರೂ ಬೇಡ, ಅಮೋನಿಯಾವೂ ಬೇಡ. ಮೆತ್ತನೆಯ ಬಟ್ಟೆ ಮತ್ತು ವಿನೆಗರ್ ಮಾತ್ರ.

ಇಷ್ಟೆಲ್ಲ ಮಾಡುವುದು ಯಾವ ಜೀವಕ್ಕಾಗಿ ಎಂಬುದನ್ನಾದರೂ ಮರೆಯಬಾರದಲ್ಲ? ಹೈಡ್ರೋಕ್ಲೋರಿಕ್ ಆಮ್ಲವನ್ನು ಚೆನ್ನಾಗಿ ತೊಳೆದರೆ ಉಳಿಯುವುದು ನಿರುಪದ್ರವಿ ಕ್ಲೋರೈಡ್ ಎಂಬ ಸಮರ್ಥನೆ ಇದೆ. ಶುದ್ಧ ಆಮ್ಲದ ಮಟ್ಟಿಗೆ ಅದು ನಿಜ. ಆದರೆ ಟಾಯ್ಲೆಟ್ ಕ್ಲೀನರ್ ಶುದ್ಧ ಆಮ್ಲವಲ್ಲ. ಗೋಡೆಗೆ ಅಂಟಿಕೊಳ್ಳಲೆಂದು, ನೊರೆ ಬರಲೆಂದು ಮಾರ್ಜಕ ಸೇರಿಸಿರುತ್ತಾರೆ, ಬಣ್ಣ ಸುವಾಸನೆಗಳೂ ಇರುತ್ತವೆ. ಮಾರ್ಜಕ ಮೀನಿನ ಕಿವಿರಿನ ಸೂಕ್ಷ್ಮ ಪೊರೆಯನ್ನು ಕೆಡಿಸುತ್ತದೆ. ಮೀನು ಉಸಿರಾಡುವುದು ಆ ಪೊರೆಯಿಂದಲೇ. ಹಳೆಯ ತೊಟ್ಟಿಯಲ್ಲಿ ಇನ್ನೊಂದು ಗುಪ್ತ ಅಪಾಯವೂ ಇರಬಹುದು. ಮೀನಿನ ಪರೋಪಜೀವಿಗಳಿಗೆ ಹಾಕುವ ತಾಮ್ರದ ಔಷಧಿ ಕಾರ್ಬೊನೇಟಿನ ಪದರದೊಳಗೆ ಸೇರಿಕೊಂಡು ಕೂರುತ್ತದೆ. ಯಾವ ಆಮ್ಲದಿಂದ ಕರಗಿಸಿದರೂ ಆ ತಾಮ್ರ ಹೊರಬರುತ್ತದೆ, ಅದರ ಸಣ್ಣ ಪ್ರಮಾಣವೂ ಸೀಗಡಿಗೂ ಬಸವನಹುಳುವಿಗೂ ಮಾರಕವಾಗಬಲ್ಲದು. ಅದಕ್ಕೇ ಕಲೆ ಕರಗಿಸಿದ ನೀರನ್ನು ಪೂರ್ತಿ ಚೆಲ್ಲಿ, ಮೂರು ನಾಲ್ಕು ಬಾರಿ ತೊಳೆದು, ಒಂದು ದಿನ ನೀರು ತುಂಬಿಟ್ಟು ಅದನ್ನೂ ಚೆಲ್ಲಬೇಕು. ಐದು ನಿಮಿಷದಲ್ಲಿ ಹೊಸದಾಗುತ್ತದೆ ಎಂಬ ಭರವಸೆಯಲ್ಲಿ ಈ ಹಂತಕ್ಕೆ ಜಾಗವೆಲ್ಲಿದೆ?

ಹತ್ತು ವರ್ಷದಿಂದ ಆಸಿಡ್‌ನಲ್ಲೇ ತೊಳೆಯುತ್ತಿದ್ದೇವೆ, ಏನೂ ಆಗಿಲ್ಲ ಎನ್ನುವವರ ಅನುಭವಕ್ಕೆ ಬೆಲೆ ಎಷ್ಟು? ಏನೂ ಆಗಿಲ್ಲ ಎಂಬ ಲೆಕ್ಕದಲ್ಲಿ ಕೆಮ್ಮಿದವರನ್ನು ಎಣಿಸಿಲ್ಲ. ಆರು ತಿಂಗಳ ಮೇಲೆ ಸೋರಿದ ತೊಟ್ಟಿಯನ್ನು ಹಳೇ ಅಂಟು ಎಂದು ಬದಿಗಿಟ್ಟಿದ್ದಾರೆ, ವಾರದಲ್ಲಿ ಸತ್ತ ಮೀನುಗಳ ತಪ್ಪನ್ನು ಮೀನುಗಳ ಮೇಲೇ ಹಾಕಿದ್ದಾರೆ. ನೀರು ಬೆರೆಸಿ ಬಳಸುತ್ತೇವೆ ಎಂಬುದು ಇನ್ನೊಂದು ಉತ್ತರ. ವಿನೆಗರ್‌ನಷ್ಟು ಸೌಮ್ಯವಾಗುವವರೆಗೆ ಬೆರೆಸಬೇಕಾದರೆ ಮೊದಲೇ ವಿನೆಗರ್ ಕೊಳ್ಳಬಾರದೇಕೆ? ಬೆರೆಸುವ ಆ ಹೊತ್ತಿನಲ್ಲೇ ಬಾಟಲಿ ತೆರೆದಿರುತ್ತದೆ, ಹೊಗೆ ಏಳುತ್ತಿರುತ್ತದೆ. ವಿನೆಗರ್ ಬದಲು ಅಂಗಡಿಯಿಂದ ಸಾಂದ್ರ ಅಸಿಟಿಕ್ ಆಮ್ಲ ತರುವವರಿಗೂ ಇದೇ ಮಾತು. ಶೇಕಡಾ 4ರದು ಉಪ್ಪಿನಕಾಯಿಗೆ ಹಾಕುವ ಪದಾರ್ಥ, ಶೇಕಡಾ 99ರದು ಚರ್ಮ ಸುಡುವ ವಸ್ತು. ಮೆದು ಆಮ್ಲಕ್ಕೆ ಕಾಲ ಕೊಟ್ಟು ಕೆಲಸ ಮಾಡಿಸುವುದು ನಮ್ಮ ಮನೆಗಳಿಗೆ ಹೊಸ ವಿದ್ಯೆಯೇನಲ್ಲ. ಹಿತ್ತಾಳೆಯ ದೀಪ, ತಾಮ್ರದ ಹಂಡೆಗಳನ್ನು ತಲೆಮಾರುಗಳಿಂದ ಹುಣಸೆಹುಳಿ ಹಚ್ಚಿ ನೆನೆಯಲು ಬಿಟ್ಟು ಬೆಳಗಿದ್ದೇವೆ. (ಆದರೆ ಗಾಜಿನ ಈ ಕಲೆಗೆ ಹುಣಸೆ ಹಾಕಬೇಡಿ, ಅದರ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ನೀರಿಗೆ ಸುಲಭವಾಗಿ ಕರಗದ ಇನ್ನೊಂದು ಬಿಳಿ ಪುಡಿಯಾಗುತ್ತದೆ.) ಆ ತಾಳ್ಮೆಯನ್ನು ಲೋಹಕ್ಕೆ ತೋರಿಸಿದ ನಾವು ಗಾಜಿಗೆ ತೋರಿಸಲಾರೆವೆ?

ಆದ್ದರಿಂದ ನಾನು ಕೇಳುವುದು ಸಣ್ಣ ತಿದ್ದುಪಡಿಯನ್ನಲ್ಲ, ಈ ಸಲಹೆಯನ್ನೇ ಪೂರ್ತಿ ನಿಲ್ಲಿಸುವುದನ್ನು. ಅಕ್ವೇರಿಯಂ ಅಂಗಡಿಗಳು ತಮ್ಮ ಹಿತ್ತಿಲಿನಿಂದ ಆಸಿಡ್ ಕ್ಯಾನನ್ನು ಇಂದೇ ತೆಗೆದುಹಾಕಲಿ, ಅಲ್ಲಿ ದುಡಿಯುವ ಹುಡುಗರಿಗೆ ವಿನೆಗರ್ ಕೆಲಸಕ್ಕೂ ಗ್ಲೌಸ್ ಕೊಡಲಿ. ಹಳೆಯ ತೊಟ್ಟಿ ಮಾರುವವರು ಕಲೆಯನ್ನು ಮರೆಮಾಚಲು ಆಸಿಡ್ ಬಳಿದು ಹೊಳಪು ತರುವ ಬದಲು, ಕಲೆ ಇರುವ ಹಾಗೆಯೇ ಮಾರಲಿ. ಕೊಳ್ಳುವವರು ಕಲೆಯಿರುವ ತೊಟ್ಟಿಯನ್ನು ಧೈರ್ಯವಾಗಿ ಕೊಳ್ಳಲಿ, ಅಸಹಜವಾಗಿ ಹೊಳೆಯುವ ಹಳೆಯ ತೊಟ್ಟಿ ಕಂಡರೆ ಏನು ಹಾಕಿ ತೊಳೆದಿರಿ ಎಂದು ಕೇಳಲಿ. ಹವ್ಯಾಸಿಗಳು ಕಲೆ ಮತ್ತೆ ಕಟ್ಟದ ಹಾಗೆ ನೋಡಿಕೊಳ್ಳಲಿ. ತೊಟ್ಟಿಗೆ ಮುಚ್ಚಳ ಹಾಕಿದರೆ ಆವಿಯಾಗುವುದು ತಗ್ಗುತ್ತದೆ. ಆವಿಯಾದ ಜಾಗಕ್ಕೆ ಮತ್ತೆ ಬೋರ್‌ವೆಲ್ ನೀರನ್ನೇ ಸುರಿದರೆ ಖನಿಜ ಕೂಡುತ್ತಲೇ ಹೋಗುತ್ತದೆ. ಆ ಅಷ್ಟು ನೀರನ್ನು ಮಳೆನೀರಿನಿಂದ ತುಂಬಬಹುದು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ನಿಗದಿತ ಅಳತೆಯ ನಿವೇಶನಗಳಿಗೆ ಕಡ್ಡಾಯ. ಸೂರಿನ ಮೇಲೆ ಬೀಳುವ ಖನಿಜವಿಲ್ಲದ ನೀರನ್ನು ಚರಂಡಿಗೆ ಬಿಟ್ಟು, ಅನಂತರ ಖನಿಜ ತೆಗೆಯಲು ಆಸಿಡ್ ತರುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಮೊದಲ ಮಳೆಯ ಧೂಳು ನೀರನ್ನು ಹರಿಯಬಿಟ್ಟು, ಆಮೇಲಿನದನ್ನು ಸೋಸಿಟ್ಟರೆ ಸಾಕು. ನೀರು ಬದಲಿಸುವಾಗ ಮಾತ್ರ ಎಂದಿನ ನೀರನ್ನೇ ಬಳಸಬೇಕು, ಮೀನಿಗೆ ಒಂದಷ್ಟು ಖನಿಜ ಬೇಕೇ ಬೇಕು.

ಈಗಾಗಲೇ ಮನೆಯಲ್ಲಿ ಆಸಿಡ್ ಬಾಟಲಿ ಇದ್ದರೆ ಅದನ್ನು ಮುಂದಿನ ತೊಟ್ಟಿಗೆಂದು ಎತ್ತಿಡಬೇಡಿ. ಹೊರಗೆ, ಗಾಳಿಯಾಡುವ ಕಡೆ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟಿನ ತುಂಬ ನೀರಿಗೆ ಆಸಿಡನ್ನು ಸಣ್ಣ ಧಾರೆಯಲ್ಲಿ ಬಿಡಿ. ಆಸಿಡ್‌ಗೆ ನೀರನ್ನು ಎಂದೂ ಸುರಿಯಬಾರದು. ಆಮೇಲೆ ಅಡುಗೆ ಸೋಡವನ್ನು ಚಮಚ ಚಮಚವಾಗಿ ಹಾಕುತ್ತ ಬನ್ನಿ. ಅರ್ಧ ಲೀಟರ್ ಟಾಯ್ಲೆಟ್ ಕ್ಲೀನರ್‌ಗೆ ಸುಮಾರು 120 ಗ್ರಾಂ ಸೋಡ ಹಿಡಿಯುತ್ತದೆ, ಲೇಬಲ್ ಇಲ್ಲದ ಆಸಿಡ್‌ಗೆ ಅದರ ಮೂರು ನಾಲ್ಕು ಪಟ್ಟು. ಸೋಡ ಹಾಕಿದರೂ ನೊರೆ ಏಳದಂತಾದಾಗ ಆ ನೀರನ್ನು ಇನ್ನಷ್ಟು ನೀರಿನ ಜೊತೆ ಚರಂಡಿಗೆ ಬಿಡಬಹುದು. ಖಾಲಿ ಬಾಟಲಿಯನ್ನು ತೊಳೆದು, ಯಾರೂ ಅದರಲ್ಲಿ ಕುಡಿಯುವ ನೀರು ತುಂಬದಂತೆ ಕತ್ತರಿಸಿ ಕಸಕ್ಕೆ ಹಾಕಿ.